ಹದಿನೇಳು ಗುರಿ, ಒಂದೇ ಪಂಚಾಯಿತಿ

ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿಯ ಗುರಿಗಳು ಎನ್. ಬೇಗೂರಿನಂಥ ಕಾಡಂಚಿನ ಊರಿಗೆ ಯಾವ ದಾರಿಯಲ್ಲಿ ಬರುತ್ತವೆ? ಎಲ್ಲಿ ಸಿಕ್ಕಿಕೊಳ್ಳುತ್ತವೆ?

ಎನ್. ಬೇಗೂರು ಸರ್ಕಾರದ ಒಂದೊಂದು ಕಚೇರಿಗೆ ಒಂದೊಂದು ಥರ ಕಾಣುತ್ತದೆ. ಅರಣ್ಯ ಇಲಾಖೆಗೆ ಅದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ. ಗಸ್ತು, ಕಳ್ಳಬೇಟೆ ತಡೆ ಶಿಬಿರ, ಬೇಸಿಗೆ ಬಂದರೆ ಬೆಂಕಿ ರೇಖೆ, ಅದರ ಲೆಕ್ಕ ಇಷ್ಟೇ. ಪಂಚಾಯತ್ ರಾಜ್ ಇಲಾಖೆಗೆ ಅದು ಒಂದು ಗ್ರಾಮ ಪಂಚಾಯಿತಿ; ಮನೆ ಕಂದಾಯ, ಬೀದಿದೀಪ, ಕುಡಿಯುವ ನೀರು ಅದರ ಚಿಂತೆ. ಕಂದಾಯ ಇಲಾಖೆ ಸರ್ವೆ ನಂಬರುಗಳನ್ನು ನೋಡುತ್ತದೆ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಆದಿವಾಸಿಗಳ ನೆಲೆಗಳಾದ ಹಾಡಿಗಳ ಪಟ್ಟಿಯನ್ನು. ಒಂದೇ ನೆಲ, ನಾಲ್ಕು ಕಡತ. ಒಂದು ಕಡತದಲ್ಲಿ ಬರೆದದ್ದು ಇನ್ನೊಂದರ ಕಣ್ಣಿಗೆ ಬೀಳುವುದು ಅಪರೂಪ.

ಇದೇ ನೆಲಕ್ಕೆ ಕಳೆದ ಹತ್ತು ವರ್ಷಗಳಲ್ಲಿ ಐದನೆಯ ಕಡತವೊಂದು ಸೇರಿಕೊಂಡಿದೆ. ಅದರ ಮೇಲೆ ‘ಸುಸ್ಥಿರ ಅಭಿವೃದ್ಧಿ ಗುರಿಗಳು’ ಎಂದು ಬರೆದಿರುತ್ತದೆ. ಬಡತನ ಅಳಿಯಬೇಕು, ಹಸಿವು ಹೋಗಬೇಕು, ಎಲ್ಲರಿಗೂ ಶುದ್ಧ ನೀರು ಸಿಗಬೇಕು, ಕಾಡು ಉಳಿಯಬೇಕು, ಹವಾಮಾನ ಕೆಡಬಾರದು ಎಂಬ ಹದಿನೇಳು ದೊಡ್ಡ ಮಾತುಗಳು ಅದರಲ್ಲಿವೆ. ಯಾರೂ ಬೇಡವೆನ್ನದ ಮಾತುಗಳು. ಕಷ್ಟವಿರುವುದು ಮಾತಿನಲ್ಲಲ್ಲ, ಅದನ್ನು ಎಣಿಸುವ ಬಗೆಯಲ್ಲಿ. ಕಬಿನಿಯ ಹಿನ್ನೀರಿನಿಂದ ಬಂಡೀಪುರದ ಕಾಡಿನವರೆಗೆ ಹಬ್ಬಿದ ಈ ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ಸೀಮೆಯಲ್ಲಿ ನಿಂತು ನೋಡಿದರೆ ಅದು ಬೇಗ ಅರ್ಥವಾಗುತ್ತದೆ.

ನ್ಯೂಯಾರ್ಕಿನಿಂದ ಗ್ರಾಮಸಭೆಗೆ

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 193 ದೇಶಗಳು 17 ಗುರಿಗಳನ್ನೂ ಅವುಗಳಡಿಯ 169 ಉಪಗುರಿಗಳನ್ನೂ ಒಪ್ಪಿಕೊಂಡವು. ಗಡುವು 2030. ಆ ನಿರ್ಣಯದಲ್ಲಿ ಒಂದು ವಾಗ್ದಾನವಿದೆ: ಯಾರನ್ನೂ ಹಿಂದೆ ಬಿಡುವುದಿಲ್ಲ, ಎಲ್ಲರಿಗಿಂತ ಹಿಂದೆ ಉಳಿದವರನ್ನು ಮೊದಲು ತಲುಪಲು ಯತ್ನಿಸುತ್ತೇವೆ. ಭಾಷಣಗಳಲ್ಲಿ ಮೊದಲರ್ಧ ಕೇಳಿಸುತ್ತದೆ, ಎರಡನೆಯ ಅರ್ಧ ನುಂಗಿಹೋಗುತ್ತದೆ. ಎನ್. ಬೇಗೂರಿಗೆ ಬೇಕಿರುವುದು ಆ ಎರಡನೆಯ ಅರ್ಧವೇ.

ಗುರಿಗಳಿಗೆ ಕಾನೂನಿನ ಬಲವಿಲ್ಲ. ಆಯಾ ದೇಶ ತನ್ನ ನೀತಿ, ತನ್ನ ಬಜೆಟ್ಟಿನ ಮೂಲಕವೇ ಅವನ್ನು ನೆಲಕ್ಕಿಳಿಸಬೇಕು. ನಮ್ಮಲ್ಲಿ ಆ ಹೊಣೆ ನೀತಿ ಆಯೋಗಕ್ಕೆ ಬಿತ್ತು. ಅದು 2018ರಲ್ಲಿ ರಾಜ್ಯಗಳಿಗೆ ಅಂಕ ಕೊಡಲು ಆರಂಭಿಸಿತು. ನೂರಕ್ಕೆ ದೇಶದ ಅಂಕ ಆಗ 57. 2023–24ರ ಸೂಚ್ಯಂಕದಲ್ಲಿ 71. ಕರ್ನಾಟಕ ಆ ಸಲ 75 ಅಂಕ ಪಡೆದು ‘ಮುಂಚೂಣಿ’ ರಾಜ್ಯಗಳ ಸಾಲಿನಲ್ಲಿ ಕೂತಿತು. ಅಂಕಪಟ್ಟಿಯಿಂದ ಒಂದು ಉಪಕಾರವಂತೂ ಆಯಿತು. ನೆರೆಯ ಕೇರಳ, ತಮಿಳುನಾಡಿಗಿಂತ ನಾವೇಕೆ ಹಿಂದೆ ಎಂದು ವಿಧಾನಸೌಧದ ಅಧಿಕಾರಿಗಳು ತಲೆ ಕೆಡಿಸಿಕೊಳ್ಳುವಂತಾಯಿತು.

ಆದರೆ ನೀರು ಬಿಡುವವರು, ಅಂಗನವಾಡಿ ರಿಪೇರಿ ಮಾಡಿಸುವವರು ವಿಧಾನಸೌಧದಲ್ಲಿಲ್ಲ. ಹಾಗಾಗಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಹದಿನೇಳು ಗುರಿಗಳನ್ನು ಹಳ್ಳಿಯ ಕೆಲಸಕ್ಕೆ ಹೊಂದುವಂತೆ ಒಂಬತ್ತು ವಿಷಯಗಳಾಗಿ ಕಟ್ಟಿತು. ಬಡತನ ಮುಕ್ತ ಗ್ರಾಮ, ಆರೋಗ್ಯವಂತ ಗ್ರಾಮ, ಮಕ್ಕಳಸ್ನೇಹಿ ಗ್ರಾಮ, ನೀರಿಗೆ ಬರವಿಲ್ಲದ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ, ಮೂಲಸೌಕರ್ಯದಲ್ಲಿ ಸ್ವಾವಲಂಬಿ ಗ್ರಾಮ, ಸಾಮಾಜಿಕ ನ್ಯಾಯದ ಗ್ರಾಮ, ಉತ್ತಮ ಆಡಳಿತದ ಗ್ರಾಮ, ಮಹಿಳಾಸ್ನೇಹಿ ಗ್ರಾಮ. ಪ್ರತಿ ಪಂಚಾಯಿತಿ ಇವುಗಳಲ್ಲಿ ಕೆಲವನ್ನು ತನ್ನ ಸಂಕಲ್ಪವೆಂದು ಆರಿಸಿಕೊಂಡು, ಗ್ರಾಮಸಭೆಯಲ್ಲಿ ಠರಾವು ಮಾಡಿ, ವಾರ್ಷಿಕ ಯೋಜನೆಯಲ್ಲಿ ಸೇರಿಸಬೇಕು. ನಮ್ಮ ರಾಜ್ಯದಲ್ಲಿ ಆ ಯೋಜನೆಯ ಹೆಸರು ‘ನಮ್ಮ ಗ್ರಾಮ ನಮ್ಮ ಯೋಜನೆ’.

ಹಣದ ದಾರಿಯೂ ಇದಕ್ಕೆ ಜೋಡಿಸಿದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ 40ನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು. ಆರನೆಯ ಗುರಿಯಾದ ಶುದ್ಧ ನೀರು ಮತ್ತು ನೈರ್ಮಲ್ಯ ಊರಿಗೆ ಬರುವುದು ಹೀಗೆ, ಕಟ್ಟುಹಾಕಿದ ಹಣವಾಗಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಂಪ್ಯೂಟರಿನಲ್ಲಿ ಕಾಮಗಾರಿ ನಮೂದಿಸುವಾಗ ಅದು ಯಾವ ವಿಷಯದಡಿ ಬರುತ್ತದೆಂದು ಆರಿಸಬೇಕು. ಚರಂಡಿ ಎಂದರೆ ಸ್ವಚ್ಛ ಗ್ರಾಮ, ಅಂಗನವಾಡಿಗೆ ಕಾಂಪೌಂಡ್ ಎಂದರೆ ಮಕ್ಕಳಸ್ನೇಹಿ ಗ್ರಾಮ. ಜಗತ್ತಿನ ಗುರಿ ಕೊನೆಗೆ ಒಂದು ಕಾಮಗಾರಿಯ ಮುಂದಿನ ತಲೆಬರಹವಾಗಿ ಕೂರುತ್ತದೆ. ಚರಂಡಿ ಮೊದಲೂ ಆಗುತ್ತಿತ್ತು, ಈಗಲೂ ಆಗುತ್ತದೆ. ತಲೆಬರಹ ಬದಲಾದರೆ ಸಾಲದು, ಯಾವ ಕೇರಿಯ ಚರಂಡಿ ಮೊದಲು ಎಂಬ ಸರದಿಯೂ ಬದಲಾಗಬೇಕು.

2025ರ ಏಪ್ರಿಲ್‌ನಲ್ಲಿ ಪಂಚಾಯಿತಿಗಳ ಮೊದಲ ಪ್ರಗತಿ ಸೂಚ್ಯಂಕ ಹೊರಬಂತು. 2022–23ರ ಅಂಕಿಅಂಶ ಆಧರಿಸಿ, 435 ಮಾನದಂಡಗಳಲ್ಲಿ 2,16,285 ಪಂಚಾಯಿತಿಗಳನ್ನು ಅಳೆಯಲಾಗಿತ್ತು. ನೂರಕ್ಕೆ 90 ದಾಟಿದ ಪಂಚಾಯಿತಿ ಇಡೀ ದೇಶದಲ್ಲಿ ಒಂದೂ ಇರಲಿಲ್ಲ. 75 ದಾಟಿದ್ದು 699 ಮಾತ್ರ. ನೂರಕ್ಕೆ 61ರಷ್ಟು ಪಂಚಾಯಿತಿಗಳು 40ರಿಂದ 60 ಅಂಕದ ನಡುವೆಯೇ ನಿಂತಿದ್ದವು. ರಾಜ್ಯಗಳನ್ನು ಅಳೆದಾಗ ದೇಶಕ್ಕೆ 71, ಹಳ್ಳಿಗಳನ್ನು ಅಳೆದಾಗ ಬಹುಪಾಲು ಅರವತ್ತರ ಕೆಳಗೆ. ಎರಡೂ ಅಳತೆಗಳ ಮಾನದಂಡ ಬೇರೆ ಬೇರೆ, ನಿಜ. ಆದರೂ ಮೇಲಿನಿಂದ ನೋಡಿದಾಗ ಕಾಣದ್ದು ಕೆಳಗಿಳಿದಂತೆ ಕಾಣುತ್ತದೆ ಎಂಬುದಕ್ಕೆ ಇಷ್ಟು ಸಾಕು.

ನಜೀರ್ ಸಾಬರ ಸೀಮೆಯಲ್ಲಿ

ಅಧಿಕಾರವನ್ನು ಕೆಳಗಿಳಿಸುವ ಪಾಠ ಕರ್ನಾಟಕಕ್ಕೆ ಹೊಸದಲ್ಲ. ಅದನ್ನು ನೆಲದ ಮೇಲೆ ಮಾಡಿ ತೋರಿಸಿದವರು ಇದೇ ಸೀಮೆಗೆ ಹತ್ತಿರದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರನ್ನು ಹಳ್ಳಿಗೆ ಕೊಳವೆಬಾವಿ ಕೊಟ್ಟದ್ದಕ್ಕೆ ಜನ ‘ನೀರ್ ಸಾಬ್’ ಎಂದೇ ಕರೆದರು. 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆ, ಮಹಿಳೆಯರಿಗೆ ಶೇ 25ರ ಮೀಸಲಾತಿ, ಇವೆಲ್ಲ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ ಇಲ್ಲಿ ಆಗಿಹೋದವು. ಪಂಚಾಯಿತಿ ಸದಸ್ಯರಿಗೂ ಪಿಡಿಒಗಳಿಗೂ ತರಬೇತಿ ಕೊಡುವ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಗೆ ಅವರದೇ ಹೆಸರಿದೆ.

ಆ ಪರಂಪರೆಯ ಇನ್ನೊಂದು ಕೊಂಡಿ ಈ ಲೇಖನಕ್ಕೆ ಮುಖ್ಯ. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಪರಿಶೀಲಿಸಲು ಕೆ.ಆರ್. ರಮೇಶ್ ಕುಮಾರ್ ನೇತೃತ್ವದ ಸಮಿತಿ ರಚನೆಯಾಗಿತ್ತು. ಅದರ ಶಿಫಾರಸಿನ ಹಿನ್ನೆಲೆಯಲ್ಲಿ ಬಂದು 2016ರಲ್ಲಿ ಜಾರಿಯಾದ ತಿದ್ದುಪಡಿ ಕಾಯ್ದೆಯ ಹೆಸರನ್ನೇ ‘ಗ್ರಾಮ ಸ್ವರಾಜ್’ ಎಂದು ಬದಲಿಸಿತು. ಜೊತೆಗೆ ಸಭೆಗಳ ಏಣಿಗೆ ಕೆಳಗಿನಿಂದ ಒಂದು ಮೆಟ್ಟಿಲು ಸೇರಿಸಿತು: ಜನವಸತಿ ಸಭೆ. ಮೊದಲು ಜನವಸತಿ ಸಭೆ, ಅದರ ಬೇಡಿಕೆ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮಸಭೆಗೆ. ಒಂದು ಕೇರಿ, ಒಂದು ತಾಂಡಾ, ಒಂದು ಹಾಡಿ ತನ್ನ ಅಂಗಳದಲ್ಲೇ ಕೂತು ತನಗೇನು ಬೇಕೆಂದು ಹೇಳುವ ಹಕ್ಕು ಇದು.

ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿಲ್ಲ. ಹಾಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮ್ಮ ಹಾಡಿಗಳಿಗೆ ಅನ್ವಯಿಸುವುದಿಲ್ಲ. ಜಾರ್ಖಂಡ್, ಒಡಿಶಾದ ಆದಿವಾಸಿಗೆ ಇರುವ ಆ ಆಸರೆ ಎಚ್.ಡಿ. ಕೋಟೆಯ ಜೇನುಕುರುಬರಿಗೆ ಇಲ್ಲ. ಅವರ ಪಾಲಿಗೆ ಅದಕ್ಕೆ ಹತ್ತಿರದ್ದೆಂದರೆ ಈ ಜನವಸತಿ ಸಭೆ. ಆದರೆ ಬಹಳಷ್ಟು ಕಡೆ ಅದು ಕಾಯ್ದೆಯ ಪುಸ್ತಕದಲ್ಲೇ ಉಳಿದಿದೆ. ಸಭೆ ನಡೆಯುವುದು ಪಂಚಾಯಿತಿ ಕೇಂದ್ರದಲ್ಲಿ, ಹಗಲು ಹೊತ್ತಿನಲ್ಲಿ, ಕೂಲಿಯ ದಿನ. ಕಾಡಿನ ದಾರಿ ನಡೆದು ಅಲ್ಲಿಗೆ ಬರುವವರು ಎಷ್ಟು ಮಂದಿ? ಬಂದವರೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಫಲಾನುಭವಿಗಳ ಪಟ್ಟಿ ಓದಿ ಮುಗಿಯುತ್ತದೆ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಬೀಳುತ್ತದೆ.

ಸರಾಸರಿಯ ಮರೆ

ಒಂದು ಸಣ್ಣ ಲೆಕ್ಕ ಹಾಕೋಣ. ಇದು ಯಾವ ಊರಿನದೂ ಅಲ್ಲ, ತಿಳಿಯಲಿಕ್ಕೆ ಮಾತ್ರ. ಒಂದು ಪಂಚಾಯಿತಿಯಲ್ಲಿ ಸಾವಿರ ಮನೆಗಳಿವೆ. 920 ಮನೆಗೆ ನಲ್ಲಿ ಬಂದಿದೆ. ಸಾಧನೆ ಶೇ 92. ಬಾಕಿ 80 ಮನೆಗಳು ಅಲ್ಲೊಂದು ಇಲ್ಲೊಂದು ಚದುರಿದ್ದರೆ ಅದು ಬಾಕಿ ಕೆಲಸ. ಆ ಎಂಬತ್ತೂ ಎರಡೇ ಹಾಡಿಗಳಲ್ಲಿದ್ದರೆ? ಆಗ ಆ ಪಂಚಾಯಿತಿಯೊಳಗೆ ನಲ್ಲಿ ಪೂರ್ತಿ ತಲುಪಿದ ಒಂದು ಲೋಕವೂ ಒಂದೂ ತಲುಪದ ಇನ್ನೊಂದು ಲೋಕವೂ ಇವೆ. ಸೂಚ್ಯಂಕಕ್ಕೆ ಎರಡೂ ಶೇ 92.

ಇದು ವಿಶ್ವಸಂಸ್ಥೆಗೂ ಗೊತ್ತಿತ್ತು. 169 ಉಪಗುರಿಗಳಲ್ಲಿ 17.18 ಎಂಬುದು ಇದನ್ನೇ ಹೇಳುತ್ತದೆ: ಆದಾಯ, ಲಿಂಗ, ವಯಸ್ಸು, ಜನಾಂಗ, ವಲಸೆ, ಅಂಗವೈಕಲ್ಯ, ವಾಸಸ್ಥಳದ ಪ್ರಕಾರ ಬಿಡಿಸಿದ ಅಂಕಿಅಂಶ ಸಿಗುವಂತೆ 2020ರೊಳಗೆ ದೇಶಗಳ ಸಾಮರ್ಥ್ಯ ಬೆಳೆಸಬೇಕು. ಗಡುವು ಮುಗಿದು ವರ್ಷಗಳಾದವು. ಬಡತನ, ಹಸಿವಿನ ಗುರಿಗಳಿಗೆ ಸಿಕ್ಕ ಪ್ರಚಾರ ಈ ಉಪಗುರಿಗೆ ಸಿಗಲಿಲ್ಲ. ಇದಿಲ್ಲದೆ ಉಳಿದ ಗುರಿಗಳ ಸಾಧನೆಯನ್ನು ನಂಬುವುದು ಹೇಗೆ?

ಹಾಡಿಗಳು ಸರಾಸರಿಯ ಮರೆಗೆ ಸರಿದದ್ದು ಆಕಸ್ಮಿಕವಲ್ಲ, ಅದಕ್ಕೊಂದು ಚರಿತ್ರೆಯಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಮರುವರ್ಷ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯ ಮುಗಿಯಿತು. ಪುನ್ನಾಟರ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರಿನಂಥ ಹಳೆಯ ಊರನ್ನೂ ಹಿನ್ನೀರು ಮುಟ್ಟಿತು. ನೀರು ಬಂದು ಒಂದಿಷ್ಟು ಜನ ಮೇಲಕ್ಕೆ ಸರಿದರು, ಅಭಯಾರಣ್ಯವಾಗಿ ಇನ್ನಷ್ಟು ಜನ ಕಾಡಿನಿಂದ ಹೊರಬಿದ್ದರು. ಪಕ್ಕದ ನಾಗರಹೊಳೆ ಕಾಡಿನಿಂದ ಹೊರಬಿದ್ದವರ ಸ್ಥಿತಿ ಅರಿಯಲು ಹೈಕೋರ್ಟ್ ನೇಮಿಸಿದ್ದ, ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮುಜಾಫರ್ ಅಸಾದಿ ನೇತೃತ್ವದ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನೆಲೆ ಕಳೆದುಕೊಂಡ ಕುಟುಂಬಗಳು 3,418 ಎಂದು ಅದು ಲೆಕ್ಕ ಹಾಕಿತು. ಬಳ್ಳೆ, ಆನೆಮಾಳದಂತೆ ಕಾಡೊಳಗೇ ಉಳಿದ ಹಾಡಿಗಳು ಒಂದು ಕಡೆ, ಬಸವನಗಿರಿ, ಬ್ರಹ್ಮಗಿರಿಯಂತೆ ಹೊರಗೆ ಕಟ್ಟಿಕೊಂಡವು ಇನ್ನೊಂದು ಕಡೆ. ಎರಡರ ಕಷ್ಟವೂ ಒಂದೇ ಅಲ್ಲ. ಒಳಗಿನವರಿಗೆ ರಸ್ತೆ, ಕರೆಂಟಿನ ಚಿಂತೆ. ಹೊರಗಿನವರಿಗೆ ಜಮೀನಿನದ್ದು, ಕೂಲಿಯದ್ದು. ಅಂಕಪಟ್ಟಿಯಲ್ಲಿ ಇಬ್ಬರೂ ‘ಪರಿಶಿಷ್ಟ ಪಂಗಡ’ ಎಂಬ ಒಂದೇ ಕಲಂ.

2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜೇನುಕುರುಬರ ಸಂಖ್ಯೆ 36,076. ಜಂಬೂಸವಾರಿಯ ಆನೆಗಳನ್ನು ಪಳಗಿಸಿ, ಸಾಕಿ, ಮೈಸೂರಿನ ರಾಜಬೀದಿಯಲ್ಲಿ ನಡೆಸುವ ಮಾವುತ, ಕಾವಾಡಿಗಳಲ್ಲಿ ಈ ಸಮುದಾಯದವರು ಬಹಳ. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಇದ್ದದ್ದು ಇದೇ ಬಳ್ಳೆ ಶಿಬಿರದಲ್ಲಿ. ರಾಜ್ಯದ ಜನಸಂಖ್ಯೆ ಆರು ಕೋಟಿ ದಾಟಿದೆ, ಇವರು ಅದರಲ್ಲಿ ಕಾಣಿಸುವಷ್ಟೂ ಇಲ್ಲ. ಇವರಲ್ಲಿ ಒಬ್ಬರಿಗೂ ಏನೂ ಸಿಗದೆ ಹೋದರೂ ರಾಜ್ಯದ ಅಂಕ ಕದಲುವುದಿಲ್ಲ.

ಆರೋಗ್ಯದ ಒಂದು ಉದಾಹರಣೆ ನೋಡಿ. ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ರಕ್ತಹೀನತೆ, ಭಾರತದಲ್ಲಿ ಮೊದಲು ಪತ್ತೆಯಾದದ್ದು 1952ರಲ್ಲಿ, ಕೂಗಳತೆಯ ನೀಲಗಿರಿಯ ಬುಡಕಟ್ಟುಗಳಲ್ಲಿ. ರಾಷ್ಟ್ರಮಟ್ಟದ ನಿರ್ಮೂಲನ ಕಾರ್ಯಕ್ರಮ ಬಂದದ್ದು 2023ರ ಜುಲೈ 1ರಂದು. ನಡುವೆ ಎಪ್ಪತ್ತು ವರ್ಷ. ರಕ್ತಹೀನತೆಯ ಸರಾಸರಿ ಅಂಕಿಯೊಳಗೆ ಈ ರೋಗ ಬೇರೆಯಾಗಿ ಕಾಣುವುದೇ ಇಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ವಾಸಿಯಾಗದ ರೋಗಕ್ಕೆ ಮಾತ್ರೆ ಹಂಚಿದ್ದನ್ನೂ ಸಾಧನೆಯೆಂದು ಬರೆಯಬಹುದು. ಹಾಡಿಗೆ ಹೋಗಿ, ಒಬ್ಬೊಬ್ಬರ ರಕ್ತ ಪರೀಕ್ಷಿಸಿದರೆ ಮಾತ್ರ ಅದು ಸಿಗುತ್ತದೆ. 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಬ್ರಹ್ಮಗಿರಿ ಹಾಡಿಯಲ್ಲಿ ಪುಟ್ಟ ಚಿಕಿತ್ಸಾಲಯ ಇಟ್ಟುಕೊಂಡು ಆರಂಭಿಸಿದ್ದೂ ಹೀಗೆಯೇ, ಹಾಡಿಯಿಂದ.

ನಲ್ಲಿ ಏಕೆ ತಲುಪುವುದಿಲ್ಲ?

ಕಾಡೊಳಗಿನ ಹಾಡಿಗೆ ಒಂದು ನೀರಿನ ಪೈಪು ಹೋಗಬೇಕೆಂದಿಟ್ಟುಕೊಳ್ಳಿ. 2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕು. ಹಣ ಇದೆ, ಅಂದಾಜುಪಟ್ಟಿ ಇದೆ. ಪೈಪು ಹಾದುಹೋಗುವ ನೆಲ ಮಾತ್ರ ಅರಣ್ಯದ್ದು. ‘ಫಾರೆಸ್ಟಿನವರು ಬಿಡಲ್ಲ’ ಎಂಬ ಒಂದು ಮಾತಿಗೆ ಕಡತ ಮುಚ್ಚಿಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಕೈಚೆಲ್ಲುತ್ತಾರೆ.

ಇಲ್ಲಿ ಪೂಜಾರಿಯ ಕೈಗೂ ಕಾನೂನೊಂದಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣ ಹದಿಮೂರು ಬಗೆಯ ಸೌಲಭ್ಯಗಳನ್ನು ಹೆಸರಿಸುತ್ತದೆ: ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ ಇತ್ಯಾದಿ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ ಎಂಬುದು ಷರತ್ತು. ಗ್ರಾಮಸಭೆ ಶಿಫಾರಸು ಮಾಡಬೇಕು. ದೊಡ್ಡ ಯೋಜನೆಗಳಿಗೆ ಬೇಕಾಗುವ ದಿಲ್ಲಿಯ ಒಪ್ಪಿಗೆ ಇದಕ್ಕೆ ಬೇಡ. ವಿಭಾಗದ ಅರಣ್ಯಾಧಿಕಾರಿಯ ಮಟ್ಟದಲ್ಲೇ ಮುಗಿಯುವ ಕೆಲಸ ಇದು. ಅಂದರೆ ಆರನೆಯ ಗುರಿ ನೀರು, ಏಳನೆಯ ಗುರಿ ವಿದ್ಯುತ್, ನಾಲ್ಕನೆಯ ಗುರಿ ಶಿಕ್ಷಣ, ಇವೆಲ್ಲ ಹಾಡಿಗೆ ಹೋಗುವ ಬಾಗಿಲು ಆ ಕಾಯ್ದೆ ಬಂದಾಗಲೇ ತೆರೆದಿದೆ. ಆ ಬಾಗಿಲಿನ ಕೀಲಿ ಗ್ರಾಮಸಭೆಯ ಠರಾವು. ಠರಾವು ಆಗಬೇಕಾದರೆ ಹಾಡಿಯವರ ಮಾತು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು.

ಅದೇ ಕಾಯ್ದೆಯ ವೈಯಕ್ತಿಕ ಹಕ್ಕಿನ ಅರ್ಜಿಯಲ್ಲೂ ಇದೇ ಕತೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದ ನೆಲಕ್ಕೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕುಪತ್ರ ಪಡೆಯಬಹುದು. ಸಾಕ್ಷ್ಯ ಯಾವುದು? ನಿಯಮಗಳು ಉದಾರವಾಗಿವೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡದ್ದೂ ಸಾಕ್ಷ್ಯ. ಹಳೆಯ ಬಾವಿ, ಸಮಾಧಿ, ದೇವರ ಬನವೂ ಸಾಕ್ಷ್ಯ. ಕಾಗದವಿಲ್ಲದ ಸಮುದಾಯಕ್ಕೆ ಕಾನೂನು ಅದರ ಅಜ್ಜಿಯ ಮಾತನ್ನೇ ಕಾಗದವೆಂದು ಒಪ್ಪಿದೆ. ಕಚೇರಿಗಳು ಮಾತ್ರ ಮತ್ತೆ ಕಾಗದವನ್ನೇ ಕೇಳುತ್ತವೆ.

2023ರ ನವೆಂಬರ್ 15ರಂದು ಆರಂಭವಾದ ಪಿಎಂ–ಜನಮನ್ ಕಾರ್ಯಕ್ರಮ ಹಾಡಿಯನ್ನು ಸರಾಸರಿಯಲ್ಲಿ ಮುಳುಗಿಸುವ ತಪ್ಪನ್ನು ಸ್ವಲ್ಪ ತಿದ್ದಿತು. ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಿಗೇ ಮೀಸಲಾದ 24,104 ಕೋಟಿ ರೂಪಾಯಿಯ ಯೋಜನೆ ಅದು. ಕರ್ನಾಟಕದಿಂದ ಈ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. ಒಂಬತ್ತು ಸಚಿವಾಲಯಗಳ ಹನ್ನೊಂದು ಕೆಲಸಗಳನ್ನು ಒಟ್ಟಿಗೆ ಹಾಡಿಗೆ ಒಯ್ಯುವುದು ಅದರ ಉದ್ದೇಶ. ಮನೆಗೆ ಸಾಮಾನ್ಯ ಗ್ರಾಮೀಣ ವಸತಿ ಯೋಜನೆಯಲ್ಲಿ 1.20 ಲಕ್ಷ ಸಿಗುವ ಕಡೆ ಇಲ್ಲಿ 2.39 ಲಕ್ಷ. ಹಿಂದುಳಿದವರನ್ನು ಮೊದಲು ತಲುಪುವುದೆಂದರೆ ಹೀಗೇ: ಹೆಚ್ಚು ಹಣ, ಬೇರೆ ಎಣಿಕೆ, ಹಾಡಿಯೇ ಘಟಕ. ಆದರೆ ಈ ಪಟ್ಟಿಯ ಹೊರಗೆ ಉಳಿದ ಬೆಟ್ಟಕುರುಬರು, ಯರವರು, ಸೋಲಿಗರು ಪಕ್ಕದ ಹಾಡಿಯಲ್ಲೇ ಇದ್ದಾರೆ. ಅವರ ಬಡತನ ಬೇರೆ ಜಾತಿಯದಲ್ಲ.

ಗುರಿಗೇ ಗುರಿ ಎದುರಾದಾಗ

ಹದಿನೇಳು ಗುರಿಗಳೂ ಕೈಕೈ ಹಿಡಿದು ನಡೆಯುತ್ತವೆ ಎಂದು ಚಾರ್ಟುಗಳು ತೋರಿಸುತ್ತವೆ. ಎಚ್.ಡಿ. ಕೋಟೆ, ಸರಗೂರಿನ ರೈತರನ್ನು ಕೇಳಿದರೆ ಬೇರೆ ಮಾತು ಹೇಳುತ್ತಾರೆ.

ಹದಿನೈದನೆಯ ಗುರಿ ನೆಲದ ಮೇಲಿನ ಜೀವಸಂಕುಲದ ರಕ್ಷಣೆ. ಅದರಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಸಾಧನೆಯಿದೆ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳು, ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಹುಲಿ ಹೆಚ್ಚಿದ್ದು ಯಶಸ್ಸು. ಆದರೆ 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಜೀವ ಕಳೆದುಕೊಂಡಾಗ ಆ ಯಶಸ್ಸಿನ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆಂಬ ಪ್ರಶ್ನೆ ಬೀದಿಗೆ ಬಂತು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿ, ಸಿಬ್ಬಂದಿಯನ್ನು ಕಾರ್ಯಾಚರಣೆಗೆ ಹಚ್ಚಿದರು. ಸಫಾರಿ ನಿಂತದ್ದೇ ದುಡಿಮೆ ಮತ್ತು ಆರ್ಥಿಕ ಬೆಳವಣಿಗೆಯ ಎಂಟನೆಯ ಗುರಿ ತಕರಾರು ತೆಗೆಯಿತು. ಕಬಿನಿ ದಡದ ರೆಸಾರ್ಟುಗಳಲ್ಲಿ, ಜೀಪುಗಳಲ್ಲಿ ದುಡಿಯುವ ಸ್ಥಳೀಯರ ಕೂಲಿಯ ಗತಿಯೇನು? ಹುಲಿ, ರೈತ, ಜೀಪಿನ ಚಾಲಕ, ಮೂವರೂ ಒಂದೊಂದು ಗುರಿಯ ಹೆಸರಿನಲ್ಲಿ ಬರುತ್ತಾರೆ. ಆನೆ ಕಂದಕ, ಸೌರಬೇಲಿ, ರೈಲು ಹಳಿಯ ತಡೆಗೋಡೆ ಎಲ್ಲಿ ಬೇಕು, ಯಾವ ಊರಿನ ದನ ಎಲ್ಲಿ ಮೇಯಬೇಕು, ಕತ್ತಲಾದ ಮೇಲೆ ಯಾವ ದಾರಿಗೆ ದೀಪ ಬೇಕು ಎಂಬುದನ್ನು ಇವರು ಒಟ್ಟಿಗೆ ಕೂತು ಮಾತಾಡುವ ಜಾಗ ಗ್ರಾಮಸಭೆಯ ಹೊರತು ಇನ್ನೊಂದಿಲ್ಲ. ಅಲ್ಲಿ ವಲಯ ಅರಣ್ಯಾಧಿಕಾರಿಯ ಕುರ್ಚಿ ಮಾತ್ರ ಅನೇಕ ಸಲ ಖಾಲಿ ಇರುತ್ತದೆ.

ಇನ್ನೊಂದು ಎದುರಾಟ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಕರ್ನಾಟಕದ ವರ್ಜೀನಿಯಾ ತಂಬಾಕಿನ ತವರು. ಮುಂಗಾರಿನ ಮೊದಲ ಹದಕ್ಕೆ ಸಸಿ ನೆಟ್ಟು, ಎಲೆ ಬಲಿತಂತೆ ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಹಗಲೂ ರಾತ್ರಿ ಬೆಂಕಿ ಕಾಯ್ದು ಬೇಯಿಸುತ್ತಾರೆ. ಉಷ್ಣ ಒಂದಿಷ್ಟು ತಪ್ಪಿದರೆ ಎಲೆಯ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಬೆಲೆ ಹೋಗುತ್ತದೆ. ಮನೆಯ ಹೆಂಗಸರು, ಮಕ್ಕಳೂ ಸೊಪ್ಪು ಕಟ್ಟುವ ಕೆಲಸಕ್ಕೆ ಕೂರುತ್ತಾರೆ. ಸೌದೆಗೆ ಮರ ಬೇಕು. ಕಗ್ಗುಂಡಿ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಕಟ್ಟೆಯಲ್ಲಿ ಬೇಲು ಮಾರಿದಾಗ ಕೈಗೆ ಬರುವ ಇಡಿಗಂಟನ್ನು ರಾಗಿ, ಜೋಳ ಕೊಡುವುದಿಲ್ಲ.

ಈಗ ಗುರಿಗಳನ್ನು ಎದುರಿಗಿಟ್ಟು ನೋಡಿ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಬಲಪಡಿಸಬೇಕೆಂದು ಆರೋಗ್ಯದ ಮೂರನೆಯ ಗುರಿಯ ಒಂದು ಉಪಗುರಿ ನೇರವಾಗಿಯೇ ಹೇಳುತ್ತದೆ. ಭಾರತ ಆ ಒಪ್ಪಂದವನ್ನು 2004ರಲ್ಲೇ ಅನುಮೋದಿಸಿದೆ. ಆರೋಗ್ಯ ಸಚಿವಾಲಯ 2016ರಿಂದ ಸಿಗರೇಟು ಪೊಟ್ಟಣದ ಶೇ 85 ಭಾಗದಲ್ಲಿ ಎಚ್ಚರಿಕೆ ಮುದ್ರಿಸುತ್ತದೆ. ಅದೇ ಸರ್ಕಾರದ ವಾಣಿಜ್ಯ ಸಚಿವಾಲಯದ ಅಡಿಯ ತಂಬಾಕು ಮಂಡಳಿ ಬ್ಯಾರನ್ನಿಗೆ ಪರವಾನಗಿ ಕೊಡುತ್ತದೆ, ಬೆಳೆಯ ಮಿತಿ ಗೊತ್ತು ಮಾಡುತ್ತದೆ, ರಫ್ತಿಗೆ ಮಾರುಕಟ್ಟೆ ಹುಡುಕುತ್ತದೆ. ಆರೋಗ್ಯ, ಸೌದೆ, ಮಕ್ಕಳ ಓದು ಒಂದು ತಕ್ಕಡಿಯಲ್ಲಿ; ಸಾವಿರಾರು ರೈತರ ಸಾಲ ತೀರುವ ದಾರಿ ಇನ್ನೊಂದರಲ್ಲಿ. ಬೆಳೆಗಾರನಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕೆಂದು ಅದೇ ಒಪ್ಪಂದದ 17ನೇ ವಿಧಿ ಹೇಳುತ್ತದೆ. ಪರ್ಯಾಯವೆಂದರೆ ಬೀಜ ಹಂಚುವುದಲ್ಲ. ಬೆಲೆ ಗೊತ್ತಿರುವ, ಕೊಳ್ಳುವವನು ಗೊತ್ತಿರುವ, ಹರಾಜು ಕಟ್ಟೆಯಷ್ಟು ನಿಯಮಬದ್ಧವಾದ ಮಾರುಕಟ್ಟೆ. ಅದನ್ನು ಕಟ್ಟುವುದು ಪಂಚಾಯಿತಿಯ ಕೈಯಲ್ಲಿಲ್ಲ. ಜಾಗತಿಕ ಗುರಿಯ ಹೊಣೆಯನ್ನು ಹಳ್ಳಿಯ ಮೇಲೆ ಹೇರಿ ನೀತಿಯ ಎಳೆಗಳನ್ನು ದಿಲ್ಲಿಯಲ್ಲೇ ಇಟ್ಟುಕೊಂಡರೆ ಆಗುವ ಅನ್ಯಾಯ ಇದು.

ಕೊನೆಯ ಮನೆಯಿಂದ ಎಣಿಕೆ

ಹಾಗಾದರೆ ಏನು ಮಾಡಬಹುದು? ಹೊಸ ಯೋಜನೆಯ ಹೆಸರು ಯಾರಿಗೂ ಬೇಕಿಲ್ಲ. ಇರುವ ಕಾನೂನು, ಇರುವ ಹಣದಲ್ಲೇ ಆಗಬಹುದಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಪ್ರಗತಿ ಸೂಚ್ಯಂಕದ ಅಂಕಿಗಳನ್ನು ಜನವಸತಿಯ ಪ್ರಕಾರ ಬಿಡಿಸಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯುವುದು. ಪಂಚಾಯಿತಿಯ ಒಟ್ಟು ಅಂಕದ ಪಕ್ಕದಲ್ಲೇ ಅತಿ ಹಿಂದಿರುವ ಹಾಡಿಯ ಅಂಕವೂ ಇರಲಿ. ಪುರಸ್ಕಾರ ಕೊಡುವುದಾದರೆ ಎರಡನೆಯದು ಎಷ್ಟು ಏರಿತು ಎಂಬುದಕ್ಕೆ ಕೊಡಲಿ.

ಎರಡನೆಯದು, ಸಭೆಯ ವೇಳೆ. ಹಾಡಿಯ ಬಹಳಷ್ಟು ಜನ ಕಾಫಿ ಕೊಯ್ಲಿಗೆ ಕೊಡಗಿಗೆ, ಶುಂಠಿ ಕೆಲಸಕ್ಕೆ ಕೇರಳಕ್ಕೆ ಹೋಗಿರುತ್ತಾರೆ. ಗಾಂಧಿ ಜಯಂತಿಯಿಂದ ಆರಂಭವಾಗಿ ಜನವರಿಯವರೆಗೆ ನಡೆಯುವ ಯೋಜನಾ ಅಭಿಯಾನದ ಬಹುಭಾಗ ಕಾಫಿ ಹಣ್ಣಾಗುವ ಕಾಲ. ಹಾಡಿ ಖಾಲಿಯಿರುವಾಗ ಹಾಡಿಯ ಸಭೆ ನಡೆಸಿದರೆ ಕೋರಂ ಎಲ್ಲಿಂದ ಬರಬೇಕು? ಜನ ಮನೆಯಲ್ಲಿರುವ ಮಳೆಗಾಲದಲ್ಲಿ, ಸಂಜೆಯ ಹೊತ್ತು, ಹಾಡಿಯ ಯಜಮಾನನ ಅಂಗಳದಲ್ಲೇ ಆ ಸಭೆ ನಡೆಯಬೇಕು. ಹೆಂಗಸರ ಮಾತು ಬೇರೆಯಾಗಿ ದಾಖಲಾಗಬೇಕು. ಓದು ಬಿಟ್ಟ ಮಕ್ಕಳ ಲೆಕ್ಕ ಸಿಗುವುದೂ ಅಲ್ಲಿಯೇ. ಆಶ್ರಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗು ಅಪ್ಪ ಅಮ್ಮನ ಜೊತೆ ಎಸ್ಟೇಟಿನ ಲೈನ್ ಮನೆಯಲ್ಲಿದೆ ಎಂಬುದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ.

ಮೂರನೆಯದು, ಅರಣ್ಯ, ಕಂದಾಯ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗಳ ಅಧಿಕಾರಿಗಳು ಗ್ರಾಮಸಭೆಗೆ ಬರುವುದನ್ನು ಕಡ್ಡಾಯ ಮಾಡುವುದು. ಹಾಡಿಯ ಬೇಡಿಕೆಗೆ ‘ಆಗುವುದಿಲ್ಲ’ ಎನ್ನುವುದಾದರೆ ಯಾವ ಕಾನೂನಿನ ಯಾವ ಪ್ರಕರಣದಡಿ ಆಗುವುದಿಲ್ಲ ಎಂದು ಬರೆದುಕೊಡಲಿ. 3(2)ನೇ ಪ್ರಕರಣದ ಅರ್ಜಿಗಳ ಪಟ್ಟಿ, ಅವು ಎಷ್ಟು ದಿನದಿಂದ ಯಾರ ಮೇಜಿನ ಮೇಲಿವೆ ಎಂಬ ವಿವರ ತಾಲ್ಲೂಕು ಪಂಚಾಯಿತಿಯ ಪ್ರತಿ ಸಭೆಯ ಮುಂದೆ ಬರಲಿ.

ನಾಲ್ಕನೆಯದು, ಗುರಿಗಳ ನಡುವೆ ಜಗಳ ಬಂದಾಗ ನಷ್ಟ ಅನುಭವಿಸುವವರಿಗೆ ಪರಿಹಾರ ಮೊದಲು ಎಂಬ ನಿಯಮ. ಹುಲಿಯ ಲಾಭ ಜಗತ್ತಿಗೆ, ಹುಲಿಯ ಭಯ ಕಾಡಂಚಿಗೆ ಎಂಬಂತಾಗಬಾರದು. ಪ್ರವಾಸೋದ್ಯಮದ ಆದಾಯದಲ್ಲಿ ಕಾಡಂಚಿನ ಪಂಚಾಯಿತಿಗೆ ಗೊತ್ತಾದ ಪಾಲು ಸಿಗಬೇಕು, ಅದನ್ನು ಖರ್ಚು ಮಾಡುವ ಅಧಿಕಾರವೂ ಸಭೆಗೇ ಇರಬೇಕು.

ಇದರಲ್ಲಿ ಯಾವುದೂ ಕ್ರಾಂತಿಯಲ್ಲ. 1983ರಲ್ಲಿ ಕರ್ನಾಟಕ ಹಿಡಿದ ದಾರಿಯಲ್ಲಿ ಇನ್ನೊಂದು ಹೆಜ್ಜೆ ಕೆಳಗಿಳಿಯುವುದು ಅಷ್ಟೇ. 2030 ಬಂದಾಗ ರಾಜ್ಯದ ಅಂಕ ಎಂಬತ್ತೋ ಎಂಬತ್ತೈದೋ ಆಗಬಹುದು, ಬೆಂಗಳೂರಿನಲ್ಲಿ ಸಮಾರಂಭವೂ ಆಗಬಹುದು. ಆದರೆ ‘ಎಲ್ಲರಿಗಿಂತ ಹಿಂದೆ ಉಳಿದವರು ಮೊದಲು’ ಎಂಬ ವಾಗ್ದಾನ ನಿಜವಾಯಿತೇ ಎಂದು ಪರೀಕ್ಷಿಸಲು ಆ ಅಂಕ ಉಪಯೋಗಕ್ಕೆ ಬಾರದು. ಜನವಸತಿ ಸಭೆಯ ನಡಾವಳಿ ಲಗತ್ತಿಸದ ಯಾವ ಪಂಚಾಯಿತಿ ಯೋಜನೆಗೂ ಅನುಮೋದನೆ ಇಲ್ಲ ಎಂದು ಸರ್ಕಾರ ಒಂದು ಸಾಲಿನ ಆದೇಶ ಹೊರಡಿಸಲಿ. ಎನ್. ಬೇಗೂರಿನಲ್ಲಿ ಹದಿನೇಳು ಗುರಿಗಳ ಕೆಲಸ ನಿಜವಾಗಿ ಆರಂಭವಾಗಲು ಅಷ್ಟು ಸಾಕು.